ಹಟ, ಸಿಟ್ಟು, ಎದುರು ಮಾತು: ಮಕ್ಕಳ ಮತ್ತು ಹದಿಹರೆಯದವರ ವಿರೋಧದ ವರ್ತನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಹಟ ಮಾಡುವುದು ಸಹಜವಲ್ಲವೇ? ಅದನ್ನು ತೊಂದರೆ ಎಂದು ಯಾವಾಗ ಎಣಿಸಬೇಕು?

ಸಹಜವೇ ಹೌದು. ಎರಡು-ಮೂರು ವರ್ಷದ ಕೂಸು "ಒಲ್ಲೆ" ಎನ್ನಲು ಕಲಿತಾಗ, ತನ್ನ ಇಷ್ಟ ಬೇರೆ, ಅವ್ವನ ಇಷ್ಟ ಬೇರೆ ಎಂಬುದನ್ನು ಕಂಡುಕೊಳ್ಳುತ್ತಿರುತ್ತದೆ. ಹನ್ನೆರಡು-ಹದಿಮೂರರ ಹೊತ್ತಿಗೆ ಅದೇ ಹುಡುಕಾಟ ಇನ್ನೊಂದು ರೂಪದಲ್ಲಿ ಮರಳಿ ಬರುತ್ತದೆ. ಹಸಿವು, ನಿದ್ದೆಗೇಡು, ಜ್ವರ, ಮನೆಗೆ ಹೊಸ ಕೂಸು ಬಂದದ್ದು, ಅಪ್ಪನಿಗೆ ಬೇರೆ ಊರಿಗೆ ವರ್ಗವಾದದ್ದು ಇಂಥ ಕಾರಣಗಳಿಂದ ಕೆಲವು ವಾರ ಮಗು ಕೆರಳಿದಂತೆ ನಡೆದುಕೊಂಡರೆ ಗಾಬರಿಯಾಗಬೇಕಿಲ್ಲ.

ಗಮನಿಸಬೇಕಾದದ್ದು ಬೇರೆ. ಇದೇ ವಯಸ್ಸಿನ ಓಣಿಯ ಉಳಿದ ಮಕ್ಕಳಿಗಿಂತ ಸಿಟ್ಟು ಬಹಳ ಹೆಚ್ಚೇ, ತಿಂಗಳುಗಟ್ಟಲೆ ಹಾಗೆಯೇ ಇದೆಯೇ, ಅದರಿಂದಾಗಿ ಮಗು ಏನನ್ನಾದರೂ ಕಳೆದುಕೊಳ್ಳುತ್ತಿದೆಯೇ ಎಂಬುದನ್ನು ನೋಡಬೇಕು. ಗೆಳೆಯರು ಆಟಕ್ಕೆ ಕರೆಯುವುದನ್ನು ಬಿಟ್ಟಿದ್ದರೆ, ಶಾಲೆಯಿಂದ ದೂರಿನ ಮೇಲೆ ದೂರು ಬರುತ್ತಿದ್ದರೆ, ಮದುವೆ-ಜಾತ್ರೆಗೆ ಮಗುವನ್ನು ಕರೆದೊಯ್ಯುವುದೇ ಬೇಡ ಎಂದು ಮನೆಯವರು ತೀರ್ಮಾನಿಸಿದ್ದರೆ, ಹಟವು ಆಗಲೇ ಸಹಜದ ಗಡಿ ದಾಟಿದೆ.

ವೈದ್ಯರು ಹೇಳುವ "ಒಡಿಡಿ" ಎಂದರೇನು?

ಒಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್ ಎಂಬುದರ ಸಂಕ್ಷಿಪ್ತ ರೂಪ ಅದು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಇದು ಮೊದಲು 1980ರಲ್ಲಿ ಸೇರಿತು. 2013ರ ಐದನೆಯ ಆವೃತ್ತಿ ಇದರ ಲಕ್ಷಣಗಳನ್ನು ಮೂರು ಗುಂಪು ಮಾಡಿದೆ. ಮೊದಲನೆಯದು ಸಿಡುಕು: ಮೇಲಿಂದ ಮೇಲೆ ತಾಳ್ಮೆ ಕಳೆದುಕೊಳ್ಳುವುದು, ಸಣ್ಣ ಮಾತಿಗೂ ನೊಂದುಕೊಳ್ಳುವುದು, ಒಳಗೊಳಗೇ ಕುದಿಯುತ್ತಿರುವುದು. ಎರಡನೆಯದು ವಾದ ಮತ್ತು ಅವಿಧೇಯತೆ: ಹಿರಿಯರೊಂದಿಗೆ ವಾದಕ್ಕಿಳಿಯುವುದು, ನಿಯಮವನ್ನು ಬೇಕೆಂದೇ ಮುರಿಯುವುದು, ಇತರರನ್ನು ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು. ಮೂರನೆಯದು ಸೇಡಿನ ಮನೋಭಾವ. ಈ ಒಟ್ಟು 8 ಲಕ್ಷಣಗಳಲ್ಲಿ ಕನಿಷ್ಠ 4 ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಮತ್ತು ಅವು ಒಡಹುಟ್ಟಿದವರಲ್ಲದ ಒಬ್ಬರ ಜೊತೆಗಾದರೂ ಕಾಣಿಸಬೇಕು. ಅಣ್ಣ-ತಮ್ಮಂದಿರ ಜಗಳವನ್ನಷ್ಟೇ ನೋಡಿ ಯಾರೂ ಈ ಹೆಸರು ಕೊಡುವಂತಿಲ್ಲ. ಐದು ವರ್ಷದೊಳಗಿನವರಲ್ಲಿ ಹೆಚ್ಚಿನ ದಿನಗಳಲ್ಲಿ, ಅದಕ್ಕಿಂತ ದೊಡ್ಡವರಲ್ಲಿ ವಾರಕ್ಕೊಮ್ಮೆಯಾದರೂ ಅವು ಕಾಣಿಸಬೇಕು ಎಂಬುದು ಅಳತೆ. ಸೇಡಿಗೆ ಮಾತ್ರ ಬೇರೆ ಅಳತೆ, ಆರು ತಿಂಗಳಲ್ಲಿ ಎರಡು ಸಲ.

ಈ ಹೆಸರನ್ನು ಮನೆಯವರು ತಾವೇ ಮಗುವಿಗೆ ಅಂಟಿಸಬಾರದು. ನಿರ್ಣಯವು ವೈದ್ಯರ ಕಡತದಲ್ಲಿ ಇರಲಿ. ಬಂಧುಗಳ ಮುಂದೆ "ಇವಗ ಆ ರೋಗ ಐತಿ" ಎಂದು ಹೇಳಿದರೆ ಮಗು ಆ ಹೆಸರಿಗೆ ತಕ್ಕಂತೆ ನಡೆಯುವುದನ್ನೇ ಕಲಿಯುತ್ತದೆ.

ಶಾಲೆಯಲ್ಲಿ ಬಹಳ ಒಳ್ಳೆಯವನು ಎನ್ನುತ್ತಾರೆ, ಮನೆಯಲ್ಲಿ ಮಾತ್ರ ಹೀಗೆ. ಇದು ನಾಟಕವೇ?

ನಾಟಕವಲ್ಲ. ಈ ವರ್ತನೆ ಮನೆಯಲ್ಲಷ್ಟೇ ಕಾಣಿಸುವುದು ಬಹಳ ಸಾಮಾನ್ಯ, ಮತ್ತು ವೈದ್ಯರ ಎದುರು ಕುಳಿತಾಗ ಅದು ಕಾಣಿಸದೇ ಹೋಗುವುದೂ ಸಾಮಾನ್ಯ. ಶಾಲೆಯಲ್ಲಿ ನಿಯಮ ಎಲ್ಲರಿಗೂ ಒಂದೇ, ಗಂಟೆ ಹೊಡೆದರೆ ಪಾಠ ಮುಗಿಯುತ್ತದೆ, ವಾದಿಸಿ ಗೆಲ್ಲುವ ಅವಕಾಶ ಕಡಿಮೆ. ಇಡೀ ದಿನ ತಡೆದುಕೊಂಡ ದಣಿವನ್ನು ಮಗು, ತನ್ನನ್ನು ಕೈಬಿಡುವುದಿಲ್ಲ ಎಂಬ ಭರವಸೆಯಿರುವ ತಾಯಿಯ ಮುಂದೆ ಹೊರಹಾಕುತ್ತದೆ. ಶಾಲೆ ಮತ್ತು ಮನೆ ಎರಡೂ ಕಡೆ ಅದೇ ವರ್ತನೆ ಇದ್ದರೆ ತೊಂದರೆ ಹೆಚ್ಚು ತೀವ್ರ ಎಂದು ತಿಳಿಯಬೇಕು.

ಇದಕ್ಕೆ ಕಾರಣವೇನು? ನಾವು ಬೆಳೆಸಿದ್ದೇ ತಪ್ಪಾಯಿತೇ?

ಒಂದೇ ಕಾರಣ ಎಂಬುದಿಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಕೆರಳುವ, ಸಮಾಧಾನಕ್ಕೆ ಬೇಗ ಒಗ್ಗದ ಸ್ವಭಾವದವರು. ಅದನ್ನು ಯಾರೂ ಕಲಿಸಿಲ್ಲ. ಆದರೆ ಆ ಸ್ವಭಾವ ದಿನನಿತ್ಯದ ಜಗಳವಾಗಿ ಗಟ್ಟಿಯಾಗುವುದು ಹೇಗೆ ಎಂಬುದನ್ನು ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಮನೆಗೆ ಹೋಗಿ, ತಂದೆ-ತಾಯಿ ಮತ್ತು ಮಕ್ಕಳ ನಡುವಿನ ಮಾತುಕತೆಯನ್ನು ದಾಖಲಿಸಿ ತೋರಿಸಿಕೊಟ್ಟರು. ಅವರು ಕಂಡದ್ದು ಹುಬ್ಬಳ್ಳಿಯ ಮನೆಗಳಿಗೂ ಹಾಗೆಯೇ ಅನ್ವಯಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ನಲ್ಲಿಯ ನೀರು ಬಿಟ್ಟ ದಿನದ ಸಂಜೆಯನ್ನೇ ನೋಡಿ. ಎಷ್ಟೋ ದಿನದ ಮೇಲೆ ನೀರು ಬಂದಿದೆ, ತಾಯಿ ಪೈಪು ಹಿಡಿದು ಬ್ಯಾರಲ್ಲಿನಿಂದ ಸಿಂಟ್ಯಾಕ್ಸಿಗೆ, ಅಲ್ಲಿಂದ ಕೊಡಗಳಿಗೆ ಓಡಾಡುತ್ತಿದ್ದಾಳೆ. ಹತ್ತು ವರ್ಷದ ಮಗ ಮೊಬೈಲ್ ಹಿಡಿದು ಕುಳಿತಿದ್ದಾನೆ. "ಫೋನ್ ಇಟ್ಟು ಅಭ್ಯಾಸಕ್ಕ ಕುಂದ್ರು" ಎಂದು ಅಂಗಳದಿಂದಲೇ ಕೂಗುತ್ತಾಳೆ. "ತಡೀಯವಾ, ಒಂದ ನಿಮಿಷ" ಎಂಬ ಉತ್ತರ ಬರುತ್ತದೆ. ಮತ್ತೆ ಕೂಗುತ್ತಾಳೆ, ಅವನು ಕೇಳಿಸದಂತೆ ಇರುತ್ತಾನೆ. ಮೂರನೆಯ ಸಲ ಬಂದು ಫೋನ್ ಕಸಿಯಲು ಹೋದಾಗ ಅವನು ಚೀರುತ್ತಾನೆ, ಪುಸ್ತಕ ಒಗೆಯುತ್ತಾನೆ. ಹೊರಗೆ ಬ್ಯಾರಲ್ ತುಂಬಿ ನೀರು ಹರಿದುಹೋಗುತ್ತಿದೆ. "ಏನರ ಮಾಡ್ಕೋ ಹೋಗು" ಎಂದು ತಾಯಿ ಹಿಂದಿರುಗುತ್ತಾಳೆ. ಚೀರಾಟ ಅಲ್ಲಿಗೇ ನಿಲ್ಲುತ್ತದೆ.

ಈ ಕೊನೆಯ ಗಳಿಗೆಯಲ್ಲಿ ಇಬ್ಬರಿಗೂ ಪಾಠವಾಗಿದೆ. ಚೀರಿದರೆ ಕೆಲಸ ತಪ್ಪುತ್ತದೆ ಎಂದು ಮಗ ಕಲಿತ, ಬಿಟ್ಟುಕೊಟ್ಟರೆ ಗದ್ದಲ ನಿಲ್ಲುತ್ತದೆ ಎಂದು ತಾಯಿ ಕಲಿತಳು. ಇನ್ನೊಂದು ದಿನ ಅಪ್ಪ ಬಂದು ಎರಡೇಟು ಹಾಕಿದಾಗ ಮಗ ಎದ್ದು ಕುಳಿತರೆ, ಹೊಡೆದರೇ ಕೇಳುವುದು ಎಂದು ಅಪ್ಪನೂ ಕಲಿಯುತ್ತಾನೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಎರಡೂ ಕಡೆಯ ದನಿ ಏರುತ್ತಲೇ ಹೋಗುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೆ ಈ ಸುತ್ತನ್ನು ಮುರಿಯುವ ಶಕ್ತಿ ಇಬ್ಬರಲ್ಲಿ ದೊಡ್ಡವರಿಗೆ ಹೆಚ್ಚು, ಆದ್ದರಿಂದ ಬದಲಾವಣೆ ದೊಡ್ಡವರಿಂದ ಆರಂಭವಾಗಬೇಕು. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತನ್ನೇ ಆಧರಿಸಿವೆ.

ಹಟದ ಹಿಂದೆ ಬೇರೆ ತೊಂದರೆ ಅಡಗಿರಬಹುದೇ?

ಖಂಡಿತ ಇರಬಹುದು, ಮತ್ತು ಇದನ್ನು ಪರೀಕ್ಷಿಸದೆ ಶಿಸ್ತಿನ ಮಾತಿಗೆ ಹೋಗುವುದು ಮಗುವಿಗೆ ಮಾಡುವ ಅನ್ಯಾಯ. ಎಡಿಎಚ್‌ಡಿ ಎಂದು ಕರೆಯುವ, ಗಮನ ನಿಲ್ಲದ ಮತ್ತು ಚಡಪಡಿಕೆ ಹೆಚ್ಚಿರುವ ಸ್ಥಿತಿ ಈ ವರ್ತನೆಯ ಜೊತೆಗೆ ಬಹಳ ಸಲ ಇರುತ್ತದೆ. ಅಂಥ ಮಗು ಹೇಳಿದ್ದನ್ನು ಧಿಕ್ಕರಿಸುವುದಕ್ಕಿಂತ ಹೆಚ್ಚಾಗಿ ಮರೆತಿರುತ್ತದೆ. ಓದು-ಬರಹದ ಕಲಿಕಾ ನ್ಯೂನತೆಯಿರುವ ಮಗು, ತರಗತಿಯಲ್ಲಿ ಗಟ್ಟಿಯಾಗಿ ಓದು ಎಂದಾಗ ಪುಸ್ತಕ ಮುಚ್ಚಿ ಒರಟಾಗಿ ಮಾತನಾಡುತ್ತದೆ, ಏಕೆಂದರೆ ದಡ್ಡ ಎನಿಸಿಕೊಳ್ಳುವುದಕ್ಕಿಂತ ಉದ್ಧಟ ಎನಿಸಿಕೊಳ್ಳುವುದು ಅದಕ್ಕೆ ಕಡಿಮೆ ನೋವಿನ ಸಂಗತಿ. ಹಳ್ಳಿಯ ಕನ್ನಡ ಶಾಲೆಯಿಂದ ಧಾರವಾಡದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳಲ್ಲಿ ಒಮ್ಮೆಲೇ ಕಾಣಿಸುವ ಸಿಟ್ಟಿಗೂ ಇಂಥದೇ ಕಾರಣ ಇರಬಹುದು.

ಹದಿಹರೆಯದಲ್ಲಿ ಖಿನ್ನತೆ ಅಳುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ, ಸಿಡುಕಿನ ರೂಪದಲ್ಲಿಯೂ ಬರುತ್ತದೆ. ಸಹಪಾಠಿಗಳ ಕಿರುಕುಳ, ಲೈಂಗಿಕ ದೌರ್ಜನ್ಯ, ತಂದೆಯ ಕುಡಿತ, ತಂದೆ-ತಾಯಿಯ ನಡುವಿನ ಹೊಡೆದಾಟ ಇವನ್ನು ಮಗು ಬಾಯಿಬಿಟ್ಟು ಹೇಳಲಾರದೆ ವರ್ತನೆಯಲ್ಲಿ ತೋರಿಸುತ್ತದೆ. ಒಳ್ಳೆಯ ಸ್ವಭಾವದ ಮಗು ಕೆಲವೇ ದಿನಗಳಲ್ಲಿ ಬೇರೆಯೇ ಆಗಿಬಿಟ್ಟರೆ, ಏನಾಯಿತು ಎಂದು ಕೇಳಬೇಕೇ ಹೊರತು ಬೈಯಬಾರದು. ಕಿವಿ ಸರಿಯಾಗಿ ಕೇಳಿಸುತ್ತದೆಯೇ, ರಕ್ತಹೀನತೆ ಇದೆಯೇ, ನಿದ್ದೆ ಸಾಕಾಗುತ್ತಿದೆಯೇ ಎಂಬ ಸರಳ ಸಂಗತಿಗಳನ್ನೂ ಮಕ್ಕಳ ವೈದ್ಯರಲ್ಲಿ ತೋರಿಸಿಕೊಳ್ಳಬೇಕು.

ನಮ್ಮನ್ನೂ ಹೊಡೆದೇ ಬೆಳೆಸಿದರು. ಹೊಡೆಯದೆ ಮಕ್ಕಳು ಕೇಳುತ್ತಾರೆಯೇ?

ಹೊಡೆತಕ್ಕೆ ಮಗು ಆ ಕ್ಷಣ ಕೇಳುತ್ತದೆ ಎಂಬುದು ನಿಜ, ಮತ್ತು ಅದೇ ಅದರ ಅಪಾಯ. ಆ ಕ್ಷಣದ ಫಲ ಕಂಡು ದೊಡ್ಡವರು ಮತ್ತೆ ಮತ್ತೆ ಅದಕ್ಕೇ ಕೈಹಾಕುತ್ತಾರೆ. ದೀರ್ಘಕಾಲದ ಅಧ್ಯಯನಗಳು ಹೊಡೆತವು ಮಕ್ಕಳ ಆಕ್ರಮಣಶೀಲತೆಯನ್ನೂ ಸುಳ್ಳು ಹೇಳುವ ರೂಢಿಯನ್ನೂ ಹೆಚ್ಚಿಸುತ್ತದೆ ಎಂದೇ ತೋರಿಸಿವೆ. ಬಲವಿದ್ದವರು ಬಲವಿಲ್ಲದವರಿಗೆ ಹೊಡೆಯಬಹುದು ಎಂಬ ಪಾಠ ಕಲಿತ ಮಗು ಅದನ್ನು ತಂಗಿಯ ಮೇಲೆ, ಓಣಿಯ ಸಣ್ಣ ಹುಡುಗರ ಮೇಲೆ ಪ್ರಯೋಗಿಸುತ್ತದೆ. ಹದಿನಾರಕ್ಕೆ ಅಪ್ಪನಷ್ಟೇ ಎತ್ತರವಾದಾಗ ಅಪ್ಪನ ಕೈಯನ್ನೇ ಹಿಡಿಯುತ್ತದೆ. ಕೆಲವು ಮನೆಗಳಲ್ಲಿ ಬೆದರಿಸಲು ಬರೆ ಹಾಕುವುದೂ, ಮೆಣಸಿನಕಾಯಿ ಹೊಗೆ ಹಿಡಿಯುವುದೂ ಇದೆ. ಅದು ಶಿಕ್ಷೆಯಲ್ಲ, ಹಿಂಸೆ.

ಶಾಲೆಗಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. "ಸರ್, ಎರಡು ಬಾರಿಸ್ರಿ" ಎಂದು ಪಾಲಕರೇ ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

ಪಾಲಕರಿಗೆ ನೀಡುವ ತರಬೇತಿಯೇ ಸಣ್ಣ ಮಕ್ಕಳ ವಿರೋಧದ ವರ್ತನೆಗೆ ಇರುವ ಅತ್ಯಂತ ಆಧಾರವುಳ್ಳ ಚಿಕಿತ್ಸೆ. ಶೀಲಾ ಐಬರ್ಗ್ ಅವರು 1970ರ ದಶಕದಲ್ಲಿ ರೂಪಿಸಿದ ಪಾಲಕ-ಮಗು ಚಿಕಿತ್ಸೆಯೂ, ಯೇಲ್ ವಿಶ್ವವಿದ್ಯಾಲಯದ ಅಲನ್ ಕ್ಯಾಜ್‌ಡಿನ್ ಅವರು ಬೆಳೆಸಿದ ಪಾಲಕ ತರಬೇತಿಯೂ ವಿವರಗಳಲ್ಲಿ ಬೇರೆಯಾದರೂ ಆರಂಭಿಸುವುದು ಸಂಬಂಧವನ್ನು ಸರಿಪಡಿಸುವುದರಿಂದ ಮತ್ತು ಒಳ್ಳೆಯ ವರ್ತನೆಯನ್ನು ಗಮನಿಸುವುದರಿಂದಲೇ. ಶಿಸ್ತು ಆಮೇಲೆ ಬರುತ್ತದೆ.

ಮೊದಲು, ದಿನಕ್ಕೆ ಹತ್ತು-ಹದಿನೈದು ನಿಮಿಷ ಮಗುವಿನ ಜೊತೆ ಅದು ಆರಿಸಿದ ಆಟವನ್ನು ಆಡಬೇಕು. ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದು, ತಿದ್ದಬಾರದು, ಕಲಿಸಬಾರದು. ಹಿಂದಿನ ದಿನ ಮಗು ಕೆಟ್ಟದಾಗಿ ನಡೆದುಕೊಂಡಿತೆಂದು ಈ ಆಟವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಲೂಬಾರದು. ಮಗಳು ಮಣ್ಣಿನಲ್ಲಿ ಒಲೆ ಮಾಡುತ್ತಿದ್ದರೆ "ಒಲಿಗೆ ಮೂರು ಕಲ್ಲು ಇಟ್ಟಿ, ಮ್ಯಾಲೆ ಬೋಗುಣಿ ಇಟ್ಟಿ" ಎಂದು ಅವಳು ಮಾಡುತ್ತಿರುವುದನ್ನೇ ಹೇಳುತ್ತ ಕುಳಿತರೆ ಸಾಕು. ಇದು ಕ್ಷುಲ್ಲಕ ಎನಿಸುತ್ತದೆ. ಆದರೆ ದಿನವಿಡೀ ಬೈಗುಳವನ್ನೇ ಕೇಳುವ ಮಗುವಿಗೆ ದೊಡ್ಡವರ ಗಮನ ಬೈಗುಳವಿಲ್ಲದೆಯೂ ಸಿಗುತ್ತದೆ ಎಂಬ ಅನುಭವ ಇದರಿಂದ ದೊರೆಯುತ್ತದೆ.

ಎರಡನೆಯದು ಹೊಗಳಿಕೆ. "ಶಾಣ್ಯಾ ಇದ್ದಿ" ಎಂಬ ಸಾರಾಸಗಟು ಮೆಚ್ಚುಗೆಗಿಂತ "ಒಮ್ಮೆ ಹೇಳೂದ್ರಾಗ ಚಪ್ಪಲ್ ಜಾಗಾಕ್ಕ ಇಟ್ಟಿ, ಚಲೋ ಆತು" ಎಂದು ಮಾಡಿದ ಕೆಲಸವನ್ನು ಹೆಸರಿಸಿ, ಕೂಡಲೇ ಹೇಳುವುದು ಪರಿಣಾಮಕಾರಿ. ಅದರ ಹಿಂದೆಯೇ "ದಿನಾ ಹಿಂಗ ಮಾಡಿದ್ರ ಏನಾಗತಿತ್ತು?" ಎಂಬ ಕೊಂಕು ಸೇರಿಸಿದರೆ ಹೊಗಳಿಕೆ ಸತ್ತಂತೆ.

ಮೂರನೆಯದು ಆದೇಶ ಕೊಡುವ ಬಗೆ. ಅಂಗಳದಿಂದ ಕೂಗದೆ ಹತ್ತಿರ ಹೋಗಿ, ಮಗು ತಮ್ಮನ್ನು ನೋಡುವಂತೆ ಮಾಡಿ, ಒಂದು ಸಲಕ್ಕೆ ಒಂದೇ ಕೆಲಸವನ್ನು ಸಣ್ಣ ದನಿಯಲ್ಲಿ ಹೇಳಬೇಕು. "ಊಟಾ ಮಾಡ್ತೀಯೇನು?" ಎಂಬುದು ಪ್ರಶ್ನೆ, ಅದಕ್ಕೆ "ಇಲ್ಲ" ಎನ್ನುವ ಹಕ್ಕು ಮಗುವಿಗಿದೆ, ಕೆಲಸ ಆಗಲೇಬೇಕಿದ್ದರೆ "ಈಗ ಕೈ ತೊಳಕೊಂಡು ಬಾ" ಎನ್ನಬೇಕು. ಹೇಳಿದ ಮೇಲೆ ಸುಮಾರು ಹತ್ತು ಸೆಕೆಂಡು ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟದ ಭಾಗ. ಮಾಡಿದರೆ ಮೆಚ್ಚುಗೆ, ಮಾಡದಿದ್ದರೆ ಒಂದೇ ಎಚ್ಚರಿಕೆ, ಆಗಲೂ ಮಾಡದಿದ್ದರೆ ಮೊದಲೇ ತಿಳಿಸಿದ ಸಣ್ಣ ಪರಿಣಾಮ. ಸಂಜೆ ಅರ್ಧ ಗಂಟೆ ಟಿವಿ ಇಲ್ಲ ಎಂಬಷ್ಟು ಸಾಕು. "ಒಂದು ತಿಂಗಳು ಹೊರಗ ಬಿಡಂಗಿಲ್ಲ" ಎಂಬ ಶಿಕ್ಷೆಯನ್ನು ಯಾವ ಮನೆಯೂ ಪೂರೈಸುವುದಿಲ್ಲ, ಮತ್ತು ಅದು ಪೂರೈಸುವುದಿಲ್ಲ ಎಂದು ಮಗುವಿಗೆ ಗೊತ್ತಿರುತ್ತದೆ. ಮೂರರಿಂದ ಎಂಟು ವರ್ಷದವರನ್ನು ವಯಸ್ಸಿಗೆ ಒಂದು ನಿಮಿಷದಂತೆ, ಬೇಸರದ ಆದರೆ ಭಯವಿಲ್ಲದ ಜಾಗದಲ್ಲಿ ಸುಮ್ಮನೆ ಕೂಡಿಸಬಹುದು. ಕತ್ತಲೆ ಕೋಣೆ, ಬಚ್ಚಲು, ಚಿಲಕ ಹಾಕಿದ ಬಾಗಿಲು ಇವು ಎಂದಿಗೂ ಕೂಡದು.

ಹೀಗೆ ಮಾಡತೊಡಗಿದ ಮೇಲೆ ಹಟ ಇನ್ನೂ ಹೆಚ್ಚಾಯಿತು. ಏಕೆ?

ಹ್ಯಾಂಡ್‌ಪಂಪಿನಲ್ಲಿ ದಿನವೂ ಬರುತ್ತಿದ್ದ ನೀರು ಒಂದು ದಿನ ಬರದಿದ್ದರೆ ನಾವು ಕೂಡಲೇ ಬಿಟ್ಟು ಹೋಗುವುದಿಲ್ಲ, ಇನ್ನಷ್ಟು ಜೋರಾಗಿ ಒತ್ತುತ್ತೇವೆ. ಚೀರಿದಾಗ ಸಿಗುತ್ತಿದ್ದದ್ದು ಸಿಗದಾದಾಗ ಮಗು ಮಾಡುವುದೂ ಅದನ್ನೇ. ಈ ಏರಿಕೆ ನಿರೀಕ್ಷಿತ, ಮತ್ತು ಸಾಮಾನ್ಯವಾಗಿ ತಾತ್ಕಾಲಿಕ. ಈ ಹಂತದಲ್ಲಿ ಬಿಟ್ಟುಕೊಟ್ಟರೆ, ಹಿಂದಿಗಿಂತ ಹೆಚ್ಚು ಚೀರಿದರೆ ಮಾತ್ರ ಸಿಗುತ್ತದೆ ಎಂಬುದನ್ನು ಕಲಿಸಿದಂತಾಗುತ್ತದೆ. ಆದ್ದರಿಂದ ಕೊನೆಯವರೆಗೆ ನಿಲ್ಲಲು ಸಾಧ್ಯವಿರುವ ಒಂದೆರಡು ವಿಷಯಗಳನ್ನಷ್ಟೇ ಮೊದಲು ಆರಿಸಿಕೊಳ್ಳಬೇಕು. ತಲೆ ಬಾಚಿಕೊಳ್ಳದಿರುವುದು, ಕೋಣೆಯಲ್ಲಿ ಬಟ್ಟೆ ಹರವಿರುವುದು ಇವನ್ನೆಲ್ಲ ಸದ್ಯಕ್ಕೆ ಬಿಡಬಹುದು. ಹೊಡೆದಾಟ, ಶಾಲೆಗೆ ಹೋಗುವುದು, ಮಲಗುವ ಹೊತ್ತು ಇವನ್ನು ಬಿಡಲಾಗದು.

ನಾವು "ಬೇಡ" ಎಂದದ್ದಕ್ಕೆ ಆಯಿ "ಇರಲಿ ಬಿಡು" ಎನ್ನುತ್ತಾರೆ. ಕೂಡು ಕುಟುಂಬದಲ್ಲಿ ಇದೆಲ್ಲ ಸಾಧ್ಯವೇ?

ಸಾಧ್ಯ. ಅಜ್ಜ, ಆಯಿ, ಕಾಕಾ, ಅತ್ತೆ ಇರುವ ಮನೆಯಲ್ಲಿ ಮಗುವಿನ ಪ್ರೀತಿಗೆ ಕೊರತೆಯಿಲ್ಲ, ಮತ್ತು ತಾಯಿ ಸಿಟ್ಟಿನಿಂದ ಕೈ ಎತ್ತುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೋಗುವ ಇನ್ನೊಬ್ಬರು ಇರುತ್ತಾರೆ. ಅದು ದೊಡ್ಡ ಆಸರೆ. ತೊಂದರೆ ಬರುವುದು ಮಗುವಿನ ಎದುರೇ ಹಿರಿಯರು ಒಬ್ಬರ ಮಾತನ್ನು ಒಬ್ಬರು ಕಡಿದಾಗ. ಸೊಸೆಯಾದವಳು ಅತ್ತೆಗೆ ನೇರವಾಗಿ ಹೇಳುವುದು ಎಷ್ಟು ಕಷ್ಟ ಎಂಬುದು ಗೊತ್ತಿರುವ ಸಂಗತಿಯೇ ಆದ್ದರಿಂದ, ಈ ಮಾತನ್ನು ಮಗನಾದವನು ತನ್ನ ತಾಯಿಯ ಹತ್ತಿರ ಆಡಬೇಕು. ಎಲ್ಲ ನಿಯಮಗಳಿಗೂ ಅವರನ್ನು ಒಪ್ಪಿಸಲು ಹೋಗದೆ ಎರಡನ್ನು ಮಾತ್ರ ಕೇಳಿಕೊಳ್ಳಬೇಕು: ಚೀರುವಾಗ ಏನನ್ನೂ ಕೊಡಬೇಡಿರಿ, ಮತ್ತು ನಮ್ಮ ಮಾತು ತಪ್ಪೆನಿಸಿದರೆ ಮಗು ಮಲಗಿದ ಮೇಲೆ ಹೇಳಿರಿ. ಆಯಿಯ ಸಲಿಗೆ ಉಳಿಯಲಿ, ಅದು ಚೀರಾಟಕ್ಕೆ ಬಹುಮಾನವಾಗದಿದ್ದರೆ ಸಾಕು.

ಹದಿಹರೆಯದವರಿಗೂ ಇದೇ ಕ್ರಮವೇ?

ಅಲ್ಲ. ಹದಿನೈದರ ಹುಡುಗಿಯನ್ನು ಮೂಲೆಯಲ್ಲಿ ಕೂಡಿಸಲು ಹೋಗುವುದು ಅವಮಾನವಷ್ಟೇ. ಈ ವಯಸ್ಸಿನಲ್ಲಿ ಭಾವನೆಗಳು ತೀವ್ರವಾಗಿರುತ್ತವೆ, ಅವನ್ನು ತಡೆದು ಯೋಚಿಸಲು ನೆರವಾಗುವ, ಹಣೆಯ ಹಿಂದಿನ ಮಿದುಳಿನ ಭಾಗವಾದರೋ ಇಪ್ಪತ್ತರ ದಶಕದ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ನಿದ್ದೆ ಬರುವ ಹೊತ್ತೂ ತಡರಾತ್ರಿಯ ಕಡೆಗೆ ಸರಿಯುತ್ತದೆ, ಆದರೆ ಅವರಿಗೆ 8ರಿಂದ 10 ಗಂಟೆಯ ನಿದ್ದೆ ಬೇಕೇ ಬೇಕು. ನಸುಕಿನಲ್ಲಿ ಟ್ಯೂಷನ್ನಿಗೆ ಎಬ್ಬಿಸುವಾಗ ನಡೆಯುವ ಜಗಳದಲ್ಲಿ ಎಷ್ಟು ಭಾಗ ಉದ್ಧಟತನ, ಎಷ್ಟು ಭಾಗ ನಿದ್ದೆಗೇಡು ಎಂಬುದನ್ನು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪಾಲಕರು ಶಾಂತವಾಗಿ ವಿಚಾರಿಸಬೇಕು.

ಇಲ್ಲಿ ಮಾತುಕತೆ ಮತ್ತು ಒಪ್ಪಂದ ಮುಖ್ಯ. ಜಗಳದ ನಡುವೆ ಅಲ್ಲ, ಇಬ್ಬರೂ ಶಾಂತರಾಗಿರುವಾಗ ಮಾತನಾಡಬೇಕು; ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ, ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗ, ಮುಖಕ್ಕೆ ಮುಖ ಕೊಡದ ಇಂಥ ಹೊತ್ತಿನಲ್ಲಿ ಹುಡುಗರು ಹೆಚ್ಚು ಮಾತಾಡುತ್ತಾರೆ. ಮೊದಲು ಅವರ ಕಷ್ಟವನ್ನು ಪೂರ್ತಿ ಕೇಳಿ, ಆಮೇಲೆ ತಮ್ಮ ಚಿಂತೆಯನ್ನು ಹೇಳಿ, ಇಬ್ಬರಿಗೂ ಒಪ್ಪಿಗೆಯಾಗುವ ದಾರಿಯನ್ನು ಕೂಡಿ ಹುಡುಕುವ ಕ್ರಮವನ್ನು ರಾಸ್ ಗ್ರೀನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ್ದಾರೆ. ಮೊಬೈಲ್ ವಿಷಯದಲ್ಲಿಯೂ ಇದೇ ದಾರಿ: ರಾತ್ರಿ ಇಂತಿಷ್ಟು ಹೊತ್ತಿಗೆ ಮನೆಯ ಎಲ್ಲರ ಫೋನುಗಳೂ ಪಡಸಾಲೆಯಲ್ಲಿ ಚಾರ್ಜಿಗೆ ಹೋಗಬೇಕು, ಅಪ್ಪನದೂ ಸೇರಿ. ಆಟದ ನಡುವೆ ಕಸಿದುಕೊಳ್ಳುವುದಕ್ಕಿಂತ ಆ ಪಂದ್ಯ ಮುಗಿದ ಮೇಲೆ ಇಡಬೇಕೆಂಬ ಒಪ್ಪಂದ ಹೆಚ್ಚು ಬಾಳುತ್ತದೆ.

ಮಗ ಗುಟ್ಕಾ ತಿನ್ನುತ್ತಿದ್ದಾನೆ ಎಂದು ಗೊತ್ತಾಗಿದೆ.

ಹೊಡೆದು ಬಿಡಿಸಲು ಹೋದರೆ ಅಡಗಿಸಿ ತಿನ್ನುವುದನ್ನು ಕಲಿಯುತ್ತಾನೆ. ಎಷ್ಟು ದಿನದಿಂದ, ಯಾರ ಜೊತೆ ಎಂದು ಸಮಾಧಾನದಿಂದ ಕೇಳಿ, ವೈದ್ಯರ ನೆರವು ಪಡೆಯಬೇಕು. ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದೂ, ಶಾಲೆಯಿಂದ 100 ಗಜದೊಳಗೆ ಮಾರುವುದೂ 2003ರ ಕಾಯ್ದೆ ಮತ್ತು ಅದಕ್ಕೆ ರಾಜ್ಯ ತಂದ ತಿದ್ದುಪಡಿಯಂತೆ ಅಪರಾಧ. ಶಾಲೆಯ ಪಕ್ಕದ ಡಬ್ಬಿ ಅಂಗಡಿಯ ಬಗ್ಗೆ ಪಾಲಕರು ಒಟ್ಟಾಗಿ ದೂರು ಕೊಡಬಹುದು.

ಹಾಸ್ಟೆಲ್ಲಿಗೆ ಹಾಕಿದರೆ ಸರಿಹೋಗುತ್ತಾನೆಯೇ?

ಓದಿಗಾಗಿ, ಮಗುವಿನ ಒಪ್ಪಿಗೆಯಿಂದ ಹಾಸ್ಟೆಲ್ಲಿಗೆ ಕಳಿಸುವುದು ಬೇರೆ. ಶಿಕ್ಷೆಯಾಗಿ ಕಳಿಸುವುದು ಬೇರೆ. ಮನೆಯವರೊಂದಿಗಿನ ಸಂಬಂಧದಲ್ಲಿ ಬೆಳೆದ ತೊಂದರೆ ಆ ಸಂಬಂಧವನ್ನು ದೂರ ಮಾಡಿದರೆ ಗುಣವಾಗುವುದಿಲ್ಲ; ರಜೆಗೆ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಖಿನ್ನತೆಯಿರುವ ಮಗುವಿಗಂತೂ ಇದು ಅಪಾಯಕಾರಿ.

ಇದಕ್ಕೆ ಮಾತ್ರೆ ಇದೆಯೇ?

ಈ ವರ್ತನೆಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗೆ ಎಡಿಎಚ್‌ಡಿ, ಆತಂಕ ಅಥವಾ ಖಿನ್ನತೆ ಇದ್ದರೆ ಅದಕ್ಕೆ ಕೊಡುವ ಔಷಧದಿಂದ ಹಟವೂ ಇಳಿಯುವುದುಂಟು. ಔಷಧದ ಅಂಗಡಿಯಲ್ಲಿ ಕೇಳಿ ತಂದ ನಿದ್ದೆಯ ಮಾತ್ರೆಯನ್ನು ಮಗುವಿಗೆ ಎಂದೂ ಕೊಡಬಾರದು.

ದೃಷ್ಟಿ ತೆಗೆಸಿದೆವು, ಯಂತ್ರ ಕಟ್ಟಿಸಿದೆವು. ಆಸ್ಪತ್ರೆಗೂ ಹೋಗಬೇಕೇ?

ಹೋಗಬೇಕು. ಮಠಕ್ಕೆ, ದರ್ಗಾಕ್ಕೆ ಹೋಗುವುದರಿಂದ ಮನೆಯವರ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಅದನ್ನು ಬಿಡಬೇಕಾದ್ದಿಲ್ಲ. ಮಗುವಿಗೆ ನೋವು ಕೊಡುವ, ಉಪವಾಸ ಕೆಡವುವ, ಕಟ್ಟಿಹಾಕುವ ಯಾವ ಉಪಚಾರವನ್ನೂ ಯಾರ ಮಾತಿಗೂ ಒಪ್ಪಬಾರದು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಡೆಯವರು ಎಲ್ಲಿಗೆ ಹೋಗಬೇಕು?

ಧಾರವಾಡದ ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, 1845ರಲ್ಲಿ ಆರಂಭವಾದ ಆಸ್ಪತ್ರೆಯಿಂದ ಬೆಳೆದು ಬಂದದ್ದು. ಅದರ ಹಳೆಯ ಹೆಸರಿನ ನೆನಪಿನಿಂದ "ಹುಚ್ಚರ ದವಾಖಾನಿ" ಎಂದು ಹಿಂಜರಿಯುವವರು ಇನ್ನೂ ಇದ್ದಾರೆ. ಈ ಹಿಂಜರಿಕೆಯಿಂದ ಎಷ್ಟೋ ಮಕ್ಕಳ ಅಮೂಲ್ಯ ವರ್ಷಗಳು ಹಾಳಾಗುತ್ತವೆ ಎಂಬುದು ನನಗೆ ಬಹಳ ನೋವಿನ ವಿಷಯ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಊರವರು ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಗದಗಿನಲ್ಲಿ ಜಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ ಇವೆ. ಶಾಲೆ ಮತ್ತು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರಿಗೂ ಹೇಳಿಕೊಳ್ಳಬಹುದು. ಮನೆಯಿಂದಲೇ ಮಾತನಾಡಲು 14416 ಸಂಖ್ಯೆಯ ಟೆಲಿ-ಮಾನಸ್ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲಿ ಮಾತನಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಹೋಗುವಾಗ ತಂದೆ-ತಾಯಿ ಇಬ್ಬರೂ ಹೋಗಬೇಕು. ಯಾವ ಹೊತ್ತಿನಲ್ಲಿ, ಯಾವುದರಿಂದ ಜಗಳ ಆರಂಭವಾಯಿತು, ಹೇಗೆ ಮುಗಿಯಿತು ಎಂದು ಒಂದೆರಡು ವಾರ ಬರೆದಿಟ್ಟ ವಹಿ, ಶಾಲೆಯ ಅಂಕಪಟ್ಟಿ ಮತ್ತು ಶಿಕ್ಷಕರ ಅಭಿಪ್ರಾಯ ಜೊತೆಗಿದ್ದರೆ ವೈದ್ಯರಿಗೆ ಬಹಳ ಅನುಕೂಲ.

"ಸಾಯ್ತೀನಿ" ಎಂದು ಬೆದರಿಸಿದರೆ, ಅಥವಾ ನಮ್ಮ ಮೇಲೆ ಕೈ ಮಾಡಿದರೆ?

ಸಾಯುವ ಮಾತನ್ನು ಬೆದರಿಕೆ ಎಂದು ತಳ್ಳಿಹಾಕಬಾರದು. ಹತ್ತಿರ ಕುಳಿತು "ಸಾಯಬೇಕು ಅನಸ್ತೈತೇನು?" ಎಂದು ನೇರವಾಗಿ ಕೇಳಬೇಕು; ಹಾಗೆ ಕೇಳುವುದರಿಂದ ಆ ವಿಚಾರವನ್ನು ಮಗುವಿನ ತಲೆಗೆ ತುಂಬಿದಂತಾಗುವುದಿಲ್ಲ. ಒಕ್ಕಲುತನದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿಗಳನ್ನು ಕೂಡಲೇ ಬೀಗದೊಳಗೆ ಇಡಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಡೆಯಲು ಬಂದಾಗ ಎದುರು ನಿಲ್ಲದೆ, ಸಣ್ಣ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ಮಾತು ನಿಲ್ಲಿಸಿ, ದೂರ ಸರಿಯಬೇಕು. ಇದು ಸೋಲಲ್ಲ. ಆ ವಿಷಯವನ್ನು ಮರುದಿನ ಮಾತನಾಡಿ, ಒಡೆದದ್ದಕ್ಕೆ ಅವನಿಂದಲೇ ಪರಿಹಾರ ಮಾಡಿಸಬೇಕು.

ದೊಡ್ಡವರಾದ ಮೇಲೂ ಹೀಗೆಯೇ ಇರುತ್ತಾರೆಯೇ?

ಹೆಚ್ಚಿನ ಮಕ್ಕಳು, ಅದರಲ್ಲೂ ಬೇಗ ನೆರವು ಸಿಕ್ಕವರು, ಸುಧಾರಿಸುತ್ತಾರೆ. ಸೇಡು ಮತ್ತು ಅವಿಧೇಯತೆ ಮುಂದಾಗಿರುವ ಕೆಲವರು ಕಳವು, ಹಿಂಸೆಯ ಕಡೆಗೆ ಹೋಗುವ ಅಪಾಯವಿದೆ. ಸಿಡುಕು ಮುಂದಾಗಿರುವವರಲ್ಲಿ ಮುಂದೆ ಆತಂಕ, ಖಿನ್ನತೆ ಕಾಣಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಟ ಇಳಿದ ಮೇಲೂ ಮಗುವಿನ ಮನಸ್ಸಿನ ಕಡೆ ಗಮನವಿರಬೇಕು.

ನಮಗೇ ಸಾಕಾಗಿ ಹೋಗಿದೆ. ನಾವು ಏನು ಮಾಡಬೇಕು?

ತಾಯಿಗೆ ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆಯಾದಾಗ ಮಗುವಿನ ವರ್ತನೆಯೂ ಸುಧಾರಿಸುವುದನ್ನು ಅಧ್ಯಯನಗಳು ತೋರಿಸಿವೆ. ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಮಗುವಿನ ಮುಖ ನೋಡಿದರೇ ಸಿಟ್ಟೇರುವುದು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ವೈದ್ಯರ ಬಳಿ ತಮಗಾಗಿಯೇ ಒಂದು ಚೀಟಿ ಮಾಡಿಸಬೇಕು. 14416ಕ್ಕೆ ಪಾಲಕರೂ ತಮ್ಮ ಸಲುವಾಗಿ ಕರೆ ಮಾಡಬಹುದು. ಸಂಜೆಯ ಅಭ್ಯಾಸದ ಹೊಣೆಯನ್ನು ವಾರದಲ್ಲಿ ಕೆಲವು ದಿನ ತಂದೆ ಇಲ್ಲವೇ ಕಾಕಾ ವಹಿಸಿಕೊಂಡರೆ, ತಾಯಿಗೆ ಉಸಿರಾಡಲು ಆ ಒಂದು ಗಂಟೆ ಸಿಗುತ್ತದೆ.